ಕ್ಯಾಂಪರ್ ವ್ಯಾನಿನಲ್ಲಿ ಯಾಣಕ್ಕೆ ಹೊರಡುವ ಮುನ್ನ

ಮಲಗಲು, ಅಡುಗೆ ಮಾಡಲು ಒಳಗೇ ವ್ಯವಸ್ಥೆ ಇರುವ ಕ್ಯಾಂಪರ್ ವ್ಯಾನು ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವಾಗ ಭಾರವೇ ಶತ್ರು. 100 ಲೀಟರ್ ನೀರೆಂದರೆ 100 ಕೆ.ಜಿ.; ಇಬ್ಬರಿಗೆ ಎರಡು ದಿನಕ್ಕೆ 40 ಲೀಟರ್ ಧಾರಾಳ. ಎರಡನೇ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಒತ್ತಿಕೊಂಡೇ ಬಂದರೆ ಲೈನಿಂಗ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ. ಗ್ಯಾಸ್ ರೆಗ್ಯುಲೇಟರ್ ಬಂದ್ ಇರಲಿ.

ಯಾಣದ 120 ಮೀಟರ್ ಎತ್ತರದ ಬಂಡೆ, ಭೈರವೇಶ್ವರ ಶಿಖರದ ಬುಡಕ್ಕೆ ನಡೆದೇ ಹೋಗಬೇಕು. ಮಳೆಗಾಲದಲ್ಲಿ ಉಂಬಳದ (ರಕ್ತ ಹೀರುವ ಜಿಗಣೆ) ಕಾಟ ವಿಪರೀತ. ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದು, ಅಂಚಿಗೆ ಹೊಗೆಸೊಪ್ಪು ನೆನೆಸಿದ ನೀರು ಹಚ್ಚಿ. ಕಚ್ಚಿದ್ದನ್ನು ಕಿತ್ತೆಳೆಯಬೇಡಿ, ಅದರ ಬಾಯಿಯಡಿ ಉಗುರು ಜಾರಿಸಿ ಬಿಡಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಸ್ವಲ್ಪ ಹೊತ್ತು ಸೋರಿದರೆ ಹೆದರಬೇಡಿ.

ಕಾಡಿನೊಳಗೆ ರಾತ್ರಿ ತಂಗಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.