ಸ್ವಿಚ್ಚಿನ ತಲೆಯ ಮೇಲಿನ ಹೊರೆ

ಕಬ್ಬು ಅರೆಯುವ ಕಾಲದಲ್ಲಿ ರಾತ್ರಿಯ ಹೊತ್ತು ಮೈಸೂರಿನಿಂದ ಮಂಡ್ಯಕ್ಕೆ ಕಾರು ಓಡಿಸಿದವರಿಗೆ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಕಬ್ಬು ಹೇರಿಕೊಂಡು ಹೋಗುವ ಗಾಡಿ ಮಂಜಿನೊಳಗಿಂದ ಥಟ್ಟನೆ ಎದುರಾಗುವ ಭಯ ಹೊಸದೇನಲ್ಲ. ಆ ಭಯಕ್ಕಾಗಿಯೇ ನಾನು ನನ್ನ ಹಳೆಯ ಕಾರಿನ ಮುಂಭಾಗಕ್ಕೆ ತಲಾ 55 ವಾಟ್‌ನ ಎರಡು ಫಾಗ್ ಲ್ಯಾಂಪುಗಳನ್ನು ಹಾಕಿಸಿದ್ದೆ. ಅಂಗಡಿಯ ಹುಡುಗ ಪಾರ್ಕಿಂಗ್ ದೀಪದ ವೈರಿನ ಪ್ಲಾಸ್ಟಿಕ್ ಕೆರೆದು, ಅದಕ್ಕೇ ಹೊಸ ವೈರು ಸುತ್ತಿ, ಟೇಪು ಹಚ್ಚಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ್ದ. ಬೇಗ ಮುಗಿಯಿತೆಂದು ನನಗೆ ಸಂತೋಷವೇ ಆಗಿತ್ತು.

ಎರಡು ವಾರವಾದ ಮೇಲೆ ಪಾರ್ಕಿಂಗ್ ದೀಪದ 10 ಆಂಪಿಯರ್ ಫ್ಯೂಸು ಹೋಯಿತು. ಅದೇ ಕೆಂಪು ಬಣ್ಣದ ಫ್ಯೂಸು ಕೈಗೆ ಸಿಗದಿದ್ದುದರಿಂದ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬಿದ್ದಿದ್ದ 20 ಆಂಪಿಯರಿನ ಹಳದಿ ಫ್ಯೂಸನ್ನು ನಾನೇ ತೆಗೆದು ಸಿಕ್ಕಿಸಿದೆ. ಮತ್ತೆ ಹೋಗಲಿಲ್ಲವಾದ್ದರಿಂದ ಸಮಸ್ಯೆ ಬಗೆಹರಿಯಿತೆಂದೇ ತಿಳಿದಿದ್ದೆ.

ಡಿಸೆಂಬರಿನ ಒಂದು ರಾತ್ರಿ, ಶ್ರೀರಂಗಪಟ್ಟಣ ಕಳೆದು ಗಣಂಗೂರಿನ ಕಡೆ ಬರುವಾಗ, ರಬ್ಬರು ಸುಟ್ಟಂಥ ವಾಸನೆ ಬಂತು. ಗದ್ದೆಯಲ್ಲಿ ಕಬ್ಬಿನ ತರಗು ಸುಡುತ್ತಿರಬೇಕೆಂದು ಕಿಟಕಿ ಏರಿಸಿದೆ. ವಾಸನೆ ಇನ್ನೂ ಹೆಚ್ಚಾಯಿತು. ದೀಪದ ಸ್ವಿಚ್ಚು ಮುಟ್ಟಿದರೆ ಬೆರಳು ಚುರ್ರೆಂದಿತು. ಕಾರನ್ನು ಪಕ್ಕಕ್ಕೆ ತಂದು, ಟೂಲ್ ಚೀಲದಲ್ಲಿದ್ದ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚುವ ಹೊತ್ತಿಗೆ, ಸ್ಟೀರಿಂಗಿನ ಕೆಳಗಿನಿಂದ ಎಳೆಯಷ್ಟು ಹೊಗೆ ಏಳುತ್ತಿತ್ತು. ಆ ರಾತ್ರಿ ಪರಿಚಿತರೊಬ್ಬರ ಜೀಪಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಊರು ಸೇರಿದೆ.

ಮರುದಿನ ಮಂಡ್ಯದ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಕಾರು ನಿಲ್ಲಿಸಿದೆ. ಅವರು ಸ್ವಿಚ್ಚನ್ನು ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದರು. ಒಳಗಿನ ತಾಮ್ರದ ತುಟಿಗಳು ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಬೆಲ್ಲದ ಪಾಕದಂತೆ ಇಳಿದಿತ್ತು. ಆಮೇಲೆ ಫ್ಯೂಸಿನ ಪೆಟ್ಟಿಗೆ ತೆರೆದು, "ಈ ಹಳದಿ ಫ್ಯೂಸ್ ಹಾಕ್ದೋರು ಯಾರು ಸಾ?" ಎಂದರು. ನಾನೇ ಎಂದೆ. "ಅಂಗಡಿ ಹುಡುಗ ಬೆಂಕಿ ಇಟ್ಟ, ನೀವು ಗಾಳಿ ಹಾಕುದ್ರಿ" ಎಂದರು. ನಗಲಿಲ್ಲ.

ಲೆಕ್ಕ ಸರಳವಾಗಿತ್ತು, ಆದರೆ ನಾನು ಮಾಡಿರಲಿಲ್ಲ. ಮೂಲದಲ್ಲಿ ಆ ಸ್ವಿಚ್ಚಿನ ಮೂಲಕ ಹಾಯುತ್ತಿದ್ದುದು 5 ವಾಟ್‌ನ ಐದು ಪುಟ್ಟ ಬಲ್ಬುಗಳ ಪ್ರವಾಹ, ಅಂದರೆ ಸುಮಾರು 2 ಆಂಪಿಯರ್. ಅದರ ಮೇಲೆ 110 ವಾಟ್ ಸೇರಿದಾಗ ಅದು 11 ಆಂಪಿಯರ್ ದಾಟಿತು. ಪ್ರವಾಹ ಐದು ಪಟ್ಟು ಹೆಚ್ಚಿದರೆ ಶಾಖವೂ ಐದು ಪಟ್ಟು ಎಂದುಕೊಳ್ಳುವಂತಿಲ್ಲ. ಅದು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಸ್ವಿಚ್ಚಿನ ಸಂಪರ್ಕಗಳಲ್ಲಿ 30 ಪಟ್ಟಿನ ಹತ್ತಿರ ಶಾಖ ಹುಟ್ಟುತ್ತಿತ್ತು. ಫ್ಯೂಸು ಇರುವುದು ದೀಪವನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ಅದು ಕರಗಿ ಕೊಟ್ಟಿದ್ದ ಎಚ್ಚರಿಕೆಯನ್ನೇ ನಾನು ಇನ್ನೊಂದು ಫ್ಯೂಸು ತುರುಕಿ ಅಡಗಿಸಿದ್ದೆ.

ಎಲೆಕ್ಟ್ರಿಷಿಯನ್ನರು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಪ್ಪು ರಿಲೇ ಒಂದನ್ನು ಕೈಗಿಟ್ಟು, "ನಾಲೆ ತೂಬು ನೋಡಿಲ್ವಾ? ನೀರುಗಂಟಿ ತೂಬು ಎತ್ತುತಾನೆ, ನೀರೇನ್ ತಲೆ ಮೇಲೆ ಹೊರ್ತಾನಾ? ಸ್ವಿಚ್ಚೂ ಅಷ್ಟೇಯ" ಎಂದರು. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದ ನನಗೆ ಇದಕ್ಕಿಂತ ಚೆನ್ನಾದ ವಿವರಣೆ ಬೇಕಿರಲಿಲ್ಲ. ರಿಲೇಯ ಒಳಗಿನ ಸುರುಳಿಗೆ ಸ್ವಿಚ್ಚಿನಿಂದ ಸಣ್ಣ ಪ್ರವಾಹ ಹೋದರೆ ಅದು ಅಯಸ್ಕಾಂತವಾಗಿ ಒಂದು ಪಟ್ಟಿಯನ್ನು ಎಳೆಯುತ್ತದೆ, ಆಗ ಬ್ಯಾಟರಿಯಿಂದ ನೇರವಾಗಿ ಬಂದ ದಪ್ಪ ವೈರು ದೀಪಕ್ಕೆ ಕೂಡಿಕೊಳ್ಳುತ್ತದೆ. ನಾನು ಮಲ್ಟಿಮೀಟರಿನಲ್ಲಿ ಸುರುಳಿಯನ್ನು ಅಳೆದಾಗ 85 ಓಮ್ ತೋರಿಸಿತು. ಹಾಗೆಂದರೆ ಸ್ವಿಚ್ಚು ಹೊರಬೇಕಾದ ಹೆಚ್ಚಿನ ಭಾರ 1 ಆಂಪಿಯರಿನ ಆರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ರಿಲೇಯ ಕಾಲುಗಳ ಮೇಲೆ ಸಂಖ್ಯೆಗಳಿದ್ದವು. 30ಕ್ಕೆ ಬ್ಯಾಟರಿ, 87ಕ್ಕೆ ದೀಪಗಳು, 86ಕ್ಕೆ ಹೊಸ ಸ್ವಿಚ್ಚಿನ ಮೂಲಕ ಪಾರ್ಕಿಂಗ್ ದೀಪದ ವೈರು, 85ಕ್ಕೆ ಅರ್ಥ್, ಅಂದರೆ ಕಾರಿನ ಲೋಹದ ಮೈ. ಕಾರಿನ ದೀಪ ಆರಿಸಿದರೆ ಫಾಗ್ ಲ್ಯಾಂಪೂ ಆರಬೇಕೆಂದು 86ನ್ನು ಅಲ್ಲಿಂದಲೇ ತೆಗೆದರು. ನಾನೂ ಕೈ ಜೋಡಿಸುತ್ತೇನೆಂದು ಉತ್ಸಾಹದಿಂದ ದೀಪದ ವೈರನ್ನು ನಡುವಿನ ಕಾಲಿಗೆ ಸಿಕ್ಕಿಸಿದೆ. ಬ್ಯಾಟರಿ ಕೊಟ್ಟೊಡನೆ, ಸ್ವಿಚ್ಚು ಒತ್ತುವ ಮುನ್ನವೇ ದೀಪ ಉರಿಯಿತು. ಅದು 87ಎ, ರಿಲೇ ಸುಮ್ಮನಿರುವಾಗ 30ಕ್ಕೆ ಅಂಟಿಕೊಂಡಿರುವ ಕಾಲು. ಹಾಗೇ ಬಿಟ್ಟಿದ್ದರೆ ಬೆಳಗಾಗುವುದರೊಳಗೆ ಬ್ಯಾಟರಿ ಬರಿದಾಗುತ್ತಿತ್ತು. ಆಗ ಮಾತ್ರ ಅವರು ನಕ್ಕರು.

ಅವರು ಹೆಚ್ಚು ಹೊತ್ತು ಕಳೆದದ್ದು ರಿಲೇಯ ಮೇಲಲ್ಲ, ಉಳಿದ ಸಣ್ಣಪುಟ್ಟ ಕೆಲಸಗಳ ಮೇಲೆ. ಬ್ಯಾಟರಿಯಿಂದ ಒಂದು ಗೇಣಿನೊಳಗೇ 15 ಆಂಪಿಯರಿನ ನೀಲಿ ಫ್ಯೂಸು ಇಟ್ಟರು, ಏಕೆಂದರೆ ಫ್ಯೂಸಿಗೂ ಬ್ಯಾಟರಿಗೂ ನಡುವಿನ ವೈರು ಎಲ್ಲಾದರೂ ಉಜ್ಜಿ ಕಾರಿನ ಲೋಹದ ಮೈಗೆ ತಗುಲಿದರೆ ಅದನ್ನು ಕಾಯುವವರು ಯಾರೂ ಇರುವುದಿಲ್ಲ. ದೀಪದ ದಾರಿಗೆಲ್ಲ 2.5 ಚದರ ಮಿಲಿಮೀಟರಿನ ವೈರು ಎಳೆದರು. ಅರ್ಥ್ ಕೊಡುವ ಜಾಗದಲ್ಲಿ ಬಣ್ಣವನ್ನು ಲೋಹ ಹೊಳೆಯುವ ತನಕ ಕೆರೆದರು. ವೈರುಗಳನ್ನು ಸುತ್ತಿ ಟೇಪು ಹಚ್ಚುವ ಬದಲು ತುದಿಗಳಿಗೆ ಟರ್ಮಿನಲ್ ಒತ್ತಿದರು. ಇಂಜಿನ್ನಿನ ಕಾವಿಗೆ ಟೇಪಿನ ಅಂಟು ಕರಗಿ ಜಾರುವುದನ್ನು ನನ್ನ ಕಾರಿನಲ್ಲಿಯೇ ತೋರಿಸಿದರು. ನೀರು ನಿಲ್ಲಬಾರದೆಂದು ರಿಲೇಯನ್ನು ಕಾಲು ಕೆಳಗೆ ಮಾಡಿ ಕೂರಿಸಿದರು. ನನ್ನದು ಹಳೆಯ ಕಾರಾದ್ದರಿಂದ ಸಾಮಾನ್ಯ ರಿಲೇ ಸಾಕಾಯಿತಂತೆ. ಈಚಿನ ಕಾರುಗಳಲ್ಲಿ ಸುರುಳಿ ಆರುವಾಗ ಏಳುವ ಹಿಮ್ಮುಖ ವೋಲ್ಟೇಜು ಕಂಪ್ಯೂಟರಿಗೆ ಪೆಟ್ಟು ಕೊಡಬಹುದೆಂದು ಒಳಗೆ ಡಯೋಡ್ (ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇ ಹಾಕುವುದುಂಟು, ಅದರಲ್ಲಿ 85 ಮತ್ತು 86ನ್ನು ಅದಲುಬದಲು ಮಾಡುವಂತಿಲ್ಲ.

ಕೆಲಸ ಮುಗಿದ ಮೇಲೆ ಇಂಜಿನ್ ಚಾಲೂ ಇಟ್ಟು ಅಳೆದೆ. ಬ್ಯಾಟರಿಯಲ್ಲಿ 14.0 ವೋಲ್ಟ್, ದೀಪದ ತುದಿಯಲ್ಲಿ 13.7. ಎದುರು ಬರುವವರ ಕಣ್ಣಿಗೆ ಹೊಡೆಯದಂತೆ ದೀಪಗಳ ಮುಖವನ್ನು ತಗ್ಗಿಸಿ, ಅರ್ಧ ಗಂಟೆ ಉರಿಯಲು ಬಿಟ್ಟು, ಸ್ವಿಚ್ಚಿನ ಮೇಲೆ ಬೆರಳಿಟ್ಟು ನೋಡಿದೆ. ತಣ್ಣಗಿತ್ತು.

ಹೊರಡುವಾಗ, ಎಂದಾದರೂ ಬೇಕಾದೀತೆಂದು ಆ ಹಳದಿ ಫ್ಯೂಸನ್ನು ಬೆಂಚಿನ ಮೇಲಿನಿಂದ ಎತ್ತಿ ಜೇಬಿಗೆ ಹಾಕಿಕೊಳ್ಳಹೋದೆ. ಅವರು ಕೈ ಚಾಚಿ, "ಅದ್ನ ಇಲ್ಲೇ ಮಡಗಿ ಸಾ" ಎಂದು ಇಸಿದುಕೊಂಡು, ಅದರ ಬದಲಿಗೆ ಎರಡು ಕೆಂಪು, ಒಂದು ನೀಲಿ ಫ್ಯೂಸನ್ನು ನನ್ನ ಅಂಗೈಗೆ ಹಾಕಿದರು.