ಸ್ಲೈಡಿನ ಮೇಲೆಯೇ ಮುಗಿದ ಚಿಕಿತ್ಸೆ

ವಿಜಯಪುರದ ನಮ್ಮ ಮೀನುರೋಗ ಪ್ರಯೋಗಾಲಯಕ್ಕೆ ಬರುವುದೆಲ್ಲ ಆಲಮಟ್ಟಿ ಹಿನ್ನೀರಿನ ಅಥವಾ ಸುತ್ತಲಿನ ಕೃಷಿಹೊಂಡಗಳ ಕಾಟ್ಲಾ, ರೋಹು. ಹೀಗಾಗಿ ಸಹೋದ್ಯೋಗಿಯೊಬ್ಬರು ಕುಮಟಾದ ಅಘನಾಶಿನಿ ಅಳಿವೆಯಿಂದ ಐದು ಮಲೆಟ್ ಮರಿಗಳನ್ನು ಆಕ್ಸಿಜನ್ ತುಂಬಿದ ಚೀಲದಲ್ಲಿ, ಹುಬ್ಬಳ್ಳಿ ಮಾರ್ಗವಾಗಿ ರಾತ್ರಿಯಿಡೀ ಪ್ರಯಾಣಿಸಿ ತಂದಾಗ, ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದ ನಾನು ಅವನ್ನೂ ರೋಹುವಿನಂತೆಯೇ ನೋಡಿಬಿಟ್ಟೆ.

ಮರಿಗಳು ನೀರಿನ ಮೇಲ್ಭಾಗಕ್ಕೆ ಬಂದು ಏದುತ್ತಿದ್ದವು. ಕಿವಿರು ಬಿಳಿಚಿ, ಲೋಳೆ ಕಟ್ಟಿತ್ತು. ಕಿವಿರಿನ ಎಳೆಯೊಂದನ್ನು ಸ್ಲೈಡಿಗಿಟ್ಟು, ಎಂದಿನಂತೆ ಪ್ರಯೋಗಾಲಯದ ಫಿಲ್ಟರ್ ನೀರನ್ನೇ ಎರಡು ಹನಿ ಹಾಕಿ ಕವರ್‌ಸ್ಲಿಪ್ ಮುಚ್ಚಿದೆ. ಫೋಕಸ್ ಕೂಡಿಬರುವಷ್ಟರಲ್ಲಿ ತಟ್ಟೆಯಾಕಾರದ ಒಂದೆರಡು ವಸ್ತುಗಳು ಅರ್ಧ ಸುತ್ತು ತಿರುಗಿದಂತಾಗಿ, ಉಬ್ಬಿ, ನೋಡನೋಡುತ್ತಲೇ ಒಡೆದು ಕಾಣದಾದವು. ಲೋಳೆಯ ಗುಳ್ಳೆಗಳಿರಬೇಕೆಂದುಕೊಂಡೆ. ಎರಡನೆಯ ಮರಿ, ಮೂರನೆಯ ಮರಿ. ಅದೇ ನೀರು, ಅದೇ ಗುಳ್ಳೆ. ನಾಲ್ಕನೆಯದು ಅಷ್ಟರಲ್ಲಿ ಸತ್ತಿತ್ತು. ರಿಜಿಸ್ಟರಿನಲ್ಲಿ ‘ಪರಾವಲಂಬಿ ಕಂಡುಬಂದಿಲ್ಲ’ ಎಂದು ಬರೆದು ಸಹಿಯನ್ನೂ ಹಾಕಿದೆ.

ಮೇಡಂ ಬಂದು ಅದನ್ನು ಓದಿ ಕೇಳಿದ್ದು ಒಂದೇ ಮಾತು: “ಯಾವ ನೀರು ಹಾಕೀರಿ?”

ನನ್ನ ಕಿವಿ ಬಿಸಿಯಾಯಿತು. ಸತ್ತ ಮೀನನ್ನು ಕಿವಿರಿನ ಇಂಥ ಪರಾವಲಂಬಿಗಳು ಬೇಗನೆ ಬಿಟ್ಟುಹೋಗುವುದರಿಂದ ನಾಲ್ಕನೆಯದು ಲೆಕ್ಕಕ್ಕಿರಲಿಲ್ಲ; ಉಳಿದದ್ದು ಒಂದೇ ಮರಿ. ವಾಸನೆ ಬರುತ್ತದೆಂದು ಚೀಲದ ನೀರನ್ನು ಚೆಲ್ಲಲು ನಾನೇ ಅಟೆಂಡರಿಗೆ ಹೇಳಿದ್ದೆ. ಪುಣ್ಯಕ್ಕೆ ಅವರು ಚಹಾಕ್ಕೆ ಹೋಗಿದ್ದರು, ಚೀಲ ಸಿಂಕಿನ ಪಕ್ಕದಲ್ಲೇ ಇತ್ತು. ಆ ನೀರಿನ ಹನಿಯಲ್ಲಿಟ್ಟ ಐದನೆಯ ಮರಿಯ ಕಿವಿರಿನ ಮೇಲೆ ಟ್ರೈಕೊಡಿನಾ ಎಂಬ ಏಕಕೋಶ ಪರಾವಲಂಬಿಗಳು ಬುಗುರಿಗಳಂತೆ ಸುತ್ತುತ್ತಿದ್ದವು. ಒಳಗೆ ಹಲ್ಲುಗಳ ಉಂಗುರ, ಅಂಚಿನಲ್ಲಿ ಬಿಡುವಿಲ್ಲದೆ ಬಡಿಯುವ ಲೋಮಗಳು.

ಉಪ್ಪುನೀರಿಗೆ ಒಗ್ಗಿದ ಇಂಥ ಸಿಲಿಯೇಟ್‌ಗಳು, ಅಂದರೆ ಲೋಮಗಳುಳ್ಳ ಏಕಕೋಶಜೀವಿಗಳು, ಸಿಹಿನೀರಿಗೆ ಬಿದ್ದರೆ, ಮೈಯೊಳಗೆ ನುಗ್ಗುವ ನೀರನ್ನು ಹೊರಹಾಕಲಾರದೆ ಒಡೆಯುತ್ತವೆ. ಉಪ್ಪುನೀರಿನ ಸಾಕಣೆಯಲ್ಲಿ ಇವುಗಳ ನಿವಾರಣೆಗೆ ಮೀನುಗಳನ್ನು ಸ್ವಲ್ಪ ಹೊತ್ತು ಸಿಹಿನೀರಿನಲ್ಲಿ ಬಿಡುವುದೂ ಇದಕ್ಕಾಗಿಯೇ. ಆ ಚಿಕಿತ್ಸೆಯನ್ನು ನಾನು ಸ್ಲೈಡಿನ ಮೇಲೆಯೇ ಮುಗಿಸಿ, ರೋಗವೇ ಇಲ್ಲವೆಂದು ಬರೆದಿದ್ದೆ.

ಬಳಿಕ ರಿಫ್ರ್ಯಾಕ್ಟೋಮೀಟರಿಗೆ ಬೇಡಿಕೆ ಸಲ್ಲಿಸಿದೆವು. ಒಳನಾಡಿನ ಪ್ರಯೋಗಾಲಯಕ್ಕೆ ಲವಣಾಂಶ ಅಳೆಯುವ ಅಗತ್ಯವೇನೆಂಬ ಷರಾದೊಡನೆ ಕಡತ ಮರಳಿತು. ನಮ್ಮ ಕಡೆಯ ಬೋರ್‌ವೆಲ್ ನೀರು ಕುಡಿದವರು ಹಾಗೆ ಬರೆಯಲಾರರು.

ರಿಜಿಸ್ಟರಿನ ಆ ಸಾಲಿಗೆ ವೈಟ್ನರ್ ಹಚ್ಚಲು ಮೇಡಂ ಬಿಡಲಿಲ್ಲ. ಒಂದೇ ಗೆರೆ ಎಳೆಸಿ, ಪಕ್ಕದಲ್ಲಿ ನನ್ನಿಂದಲೇ ಸಹಿ ಮಾಡಿಸಿದರು. ಆಡಿಟ್‌ಗೆ ಬಂದವರೆಲ್ಲ ಇಂದಿಗೂ ಆ ಪುಟಕ್ಕೇ ಬೆರಳಿಡುತ್ತಾರೆ.