ಕ್ಯಾಮೆರಾ ಆ ಕೋಣೆಯೊಳಗೆ ಹೋಗಬಾರದು

ತಪ್ಪು ಮಾಡಿದ ಹುಡುಗನೂ ಅವನಿಂದ ನೊಂದವರೂ ಎದುರುಬದುರು ಕೂತು, ಏನಾಯಿತು, ಯಾರಿಗೆ ಎಷ್ಟು ಪೆಟ್ಟಾಯಿತು, ಸರಿಪಡಿಸುವುದು ಹೇಗೆ ಎಂದು ಮಾತಾಡುವುದಕ್ಕೆ ರೆಸ್ಟೋರೇಟಿವ್ ಜಸ್ಟಿಸ್ ಅನ್ನುತ್ತಾರೆ. ದಾವಣಗೆರೆ ಕಡೆ ಇಷ್ಟು ಹೇಳಿದರೆ ಸಾಕು, "ಓ, ರಾಜಿ ಪಂಚಾಯ್ತಿ" ಎಂಬ ಉತ್ತರ ಬರುತ್ತದೆ. ಈ ವಿಷಯದ ಮೇಲೆ ಸಾಕ್ಷ್ಯಚಿತ್ರ ಮಾಡುವವರಿಗೆ ಮೊದಲ ತೊಡಕು ಇದೇ. ರಾಜಿಯಲ್ಲಿ ಮಾತೆಲ್ಲ ಹಿರಿಯರದು, ನೊಂದವರದು ತಲೆತಗ್ಗಿಸಿ ಕೂರುವ ಕೆಲಸ. ಇಲ್ಲಿ ಹುಡುಗ ಮೊದಲೇ ತಪ್ಪೊಪ್ಪಿಕೊಂಡಿರಬೇಕು, ಇಬ್ಬರೂ ಸ್ವಂತ ಮನಸ್ಸಿನಿಂದ ಬಂದಿರಬೇಕು, ನೊಂದವರು ಯಾವ ಕ್ಷಣದಲ್ಲಾದರೂ ಎದ್ದು ಹೋಗಬಹುದು.

1974ರಲ್ಲಿ ಕೆನಡಾದ ಎಲ್ಮಿರಾದಲ್ಲಿ 22 ಕಡೆ ಆಸ್ತಿ ಹಾಳು ಮಾಡಿದ್ದ ಇಬ್ಬರು ಹುಡುಗರನ್ನು ನೊಂದವರ ಮನೆಬಾಗಿಲಿಗೇ ಕರೆದೊಯ್ದರು. 1989ರಲ್ಲಿ ನ್ಯೂಜಿಲೆಂಡ್ ಕುಟುಂಬ ಸಭೆಯನ್ನು ಕಾನೂನಿನೊಳಗೇ ತಂದಿತು. ನಮ್ಮ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಇಂಥ ಭೇಟಿಗೆಂದೇ ಪ್ರತ್ಯೇಕ ವಿಧಾನವಿಲ್ಲ. 18ನೇ ಸೆಕ್ಷನ್ ಅಡಿ ಬಾಲ ನ್ಯಾಯ ಮಂಡಳಿ ಗುಂಪು ಆಪ್ತಸಮಾಲೋಚನೆ, ಸಮುದಾಯ ಸೇವೆ, ಪ್ರೊಬೇಷನ್ (ನಿಗಾದಲ್ಲಿಟ್ಟು ಬಿಡುಗಡೆ) ಮುಂತಾದ ಆದೇಶ ಕೊಡಬಹುದು, ಅಷ್ಟೆ. ಕೆನಡಾದ ಕಥೆಯನ್ನು ಇಲ್ಲಿನ ಪದ್ಧತಿ ಎಂಬಂತೆ ತೋರಿಸಿದರೆ ಚಿತ್ರ ಅಲ್ಲೇ ಸುಳ್ಳಾಗುತ್ತದೆ.

ಇನ್ನು 74ನೇ ಸೆಕ್ಷನ್. ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಸಿಗುವಂಥ ಬೇರಾವ ವಿವರವನ್ನೂ ಬಯಲು ಮಾಡುವಂತಿಲ್ಲ. ತಪ್ಪು ಮಾಡಿದ ಮಗುವಿಗಷ್ಟೇ ಅಲ್ಲ, ನೊಂದ ಮಗುವಿಗೂ ಸಾಕ್ಷಿ ಹೇಳುವ ಮಗುವಿಗೂ ಇದು ಅನ್ವಯ. ಮೀರಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಪ್ಪ-ಅಮ್ಮನ ಸಹಿ ಇದ್ದರೆ ಸಾಕು ಎಂದುಕೊಳ್ಳಬೇಡಿ. ಮಗುವಿನ ಹಿತಕ್ಕೆ ಅಂತ ಕಾರಣ ಬರೆದು ಅನುಮತಿ ಕೊಡಬೇಕಾದ್ದು ಮಂಡಳಿ ಅಥವಾ ಮಕ್ಕಳ ಕಲ್ಯಾಣ ಸಮಿತಿ.

ಮುಖ ಮಸುಕು ಮಾಡಿದರೂ ಗುರುತು ಸಿಗುವುದು ಚೂರುಗಳಿಂದ. "ಹದಿನಾರು ವರ್ಷ", "ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ", "ಹೋದ ಜಾತ್ರೆ ಟೈಮಿನಲ್ಲಿ". ಬಿಡಿಬಿಡಿಯಾಗಿ ಏನೂ ಅಲ್ಲ, ಮೂರೂ ಸೇರಿದರೆ ಇಡೀ ಓಣಿಗೆ ಗೊತ್ತು. ಚಿತ್ರದುರ್ಗದಲ್ಲಾದರೆ ಕಿಟಕಿಯಾಚೆಯ ಕೋಟೆಬಂಡೆಯ ಕೋನವೊಂದೇ ಸಾಕು, ಮನೆ ಯಾವ ಬೀದಿಯಲ್ಲಿದೆ ಅಂತ ಹೇಳಿಬಿಡುತ್ತದೆ. ಮುಖ ಬೇಡವೆಂದು ಕೈ ತೋರಿಸುವ ಚಾಳಿಯೂ ಇದೆ. ಕೈಯಲ್ಲಿ ಹಚ್ಚೆ, ದಾರ, ಉಂಗುರ, ಸುಟ್ಟ ಗಾಯದ ಕಲೆ ಇರುತ್ತವೆ.

ನೆರಳುಚಿತ್ರದಂತೆ ತೆಗೆಯುವಾಗ ಎಕ್ಸ್‌ಪೋಷರನ್ನು ಹಿಂದಿನ ಬೆಳಕಿಗೆ ಹೊಂದಿಸಿ. ಮುಖ ಅದಕ್ಕಿಂತ ಕನಿಷ್ಠ 5 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ಕತ್ತಲಲ್ಲಿರಲಿ. ಕಪ್ಪಾಗಿ ಕಂಡ ಮಾತ್ರಕ್ಕೆ ಕಪ್ಪಲ್ಲ. ಎಡಿಟಿಂಗ್‌ನಲ್ಲಿ ಬ್ರೈಟ್‌ನೆಸ್ ಏರಿಸಿದರೆ ಕಣ್ಣು-ಮೂಗು ಮೇಲೆದ್ದು ಬರುತ್ತವೆ. ಕೊನೆಯ ಫೈಲನ್ನು ನೀವೇ ಹಾಗೆ ಏರಿಸಿ ನೋಡಿ. ದನಿಯದೂ ಇದೇ ಕಥೆ: ಪಿಚ್ ಇಳಿಸಿದ್ದನ್ನು ಮತ್ತೆ ಏರಿಸಬಹುದು. ಬೇರೆಯವರಿಂದ ಡಬ್ ಮಾಡಿಸಿ, ಆದರೆ ಇಲ್ಲಿನವರಿಂದಲೇ. ಬೆಂಗಳೂರಿನ ದನಿ "ಯಾಕ್ಲೇ" ಅಂದರೆ ಕೇಳುವವರಿಗೆ ನಗು ಬರುತ್ತದೆ.

ಇಷ್ಟೆಲ್ಲ ಮಾಡಿದರೂ ನಿಜವಾದ ಭೇಟಿಯನ್ನು ಚಿತ್ರೀಕರಿಸಬಾರದು ಎಂಬುದೇ ನನ್ನ ಅಭಿಪ್ರಾಯ. ಕ್ಯಾಮೆರಾ ಇದ್ದರೆ ಹುಡುಗ ಕ್ಷಮೆಯನ್ನು ನಟಿಸುತ್ತಾನೆ, ನೊಂದವರಿಗೆ ಕ್ಷಮಿಸಲೇಬೇಕೆಂಬ ಒತ್ತಡ ಬೀಳುತ್ತದೆ. ನಟರಿಂದ ಮರುಸೃಷ್ಟಿಸಿ, ಅದು ಮರುಸೃಷ್ಟಿ ಎಂದು ಪರದೆಯ ಮೇಲೆ ಬರೆಯಿರಿ. ಹೊಸದುರ್ಗದ ಸಾಣೇಹಳ್ಳಿಯಂಥ ರಂಗಶಾಲೆ ಇರುವ ಜಿಲ್ಲೆಯಲ್ಲಿ ನಟರಿಗೆ ಬರವಿಲ್ಲ. ರಂಗದ ದನಿ ಮಾತ್ರ ಕ್ಯಾಮೆರಾಕ್ಕೆ ಜಾಸ್ತಿ, ತಗ್ಗಿಸುವುದಕ್ಕೇ ಎರಡು ದಿನದ ತಾಲೀಮು ಬೇಕು.

ಮರುಸೃಷ್ಟಿಯಲ್ಲಿ ವೃತ್ತವಾಗಿ ಆರು ಜನ, ನಡುವೆ ಮೇಜಿಲ್ಲ. ಎರಡು ಕ್ಯಾಮೆರಾಗಳನ್ನು ವೃತ್ತದ ಹೊರಗೆ ಒಂದೇ ಬದಿಗಿಡಿ. ಸುತ್ತಾಡಿಸಿದರೆ ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದೇ ತಪ್ಪಿಹೋಗುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು. 1/60 ಇಟ್ಟರೆ ನಮ್ಮ ಟ್ಯೂಬ್‌ಲೈಟ್ ಮಿನುಗಬಹುದು. ಮೈಕಿಗೆ ಫ್ಯಾನ್ ಆಗದು, ಏಪ್ರಿಲ್‌ನ ದಾವಣಗೆರೆಯಲ್ಲಿ ಫ್ಯಾನಿಲ್ಲದೆ ಮನುಷ್ಯರಿಗಾಗದು. ಬೆಳಿಗ್ಗೆ ಏಳರಿಂದ ಹತ್ತರೊಳಗೆ ಮುಗಿಸಿ. ಎದ್ದೇಳುವ ಮುಂಚೆ ಖಾಲಿ ಕೋಣೆಯ ಸದ್ದನ್ನು ಒಂದು ನಿಮಿಷ ದಾಖಲಿಸಿಕೊಳ್ಳಿ.

ಎಲ್ಲರೂ ಚಿತ್ರೀಕರಿಸಲು ಮರೆಯುವುದು ಭೇಟಿಗೆ ಮುಂಚಿನ ತಯಾರಿಯನ್ನು. ನಡೆಸುವವರು ಎರಡೂ ಕಡೆಯವರನ್ನು ಬೇರೆಬೇರೆಯಾಗಿ, ಬೇಕಾದರೆ ಮತ್ತೆ ಮತ್ತೆ ಕಾಣುತ್ತಾರೆ. ಯಾರು ಮೊದಲು ಮಾತಾಡಬೇಕು, ಎಲ್ಲಿ ಕೂರಬೇಕು, ಹುಡುಗನ ಅಪ್ಪ ಅಲ್ಲಿರಬೇಕೋ ಬೇಡವೋ. ಕಥೆ ಇರುವುದು ಇಲ್ಲಿ. ಒಪ್ಪಂದದ ಮಾತುಗಳನ್ನೂ ಹಾಗ್ಹಾಗೇ ಇಡಿ: "ಇನ್ನು ಒಳ್ಳೆಯವನಾಗಿರ್ತೀನಿ" ಒಪ್ಪಂದವಲ್ಲ, "ಮುಂದಿನ ನಾಲ್ಕು ಭಾನುವಾರ ಬಂದು ಅಂಗಡಿ ಬಾಗಿಲಿಗೆ ಬಣ್ಣ ಹಚ್ತೀನಿ" ಅನ್ನುವುದು ಒಪ್ಪಂದ. ನೊಂದವರು ಕ್ಷಮಿಸದಿದ್ದರೆ ಅದನ್ನೂ ಕತ್ತರಿಸಬೇಡಿ, ಮೇಲೆ ಕೊಳಲು ಹಚ್ಚಬೇಡಿ.

ಬಿಡುಗಡೆಗೆ 15 ದಿನ ಮುಂಚೆ ಇಬ್ಬರಿಗೂ ಬೇರೆಬೇರೆಯಾಗಿ ತೋರಿಸಿ, ನೊಂದವರಿಗೆ ಮೊದಲು. ಬೇಡ ಎಂದರೆ ಅವರ ಭಾಗ ತೆಗೆದುಹಾಕಿ. ಮೊಬೈಲಿನಲ್ಲಿ ತೆಗೆದದ್ದಾದರೆ ಲೊಕೇಶನ್ ಅಳಿಸಿ, ಫೈಲಿನ ಹೆಸರಲ್ಲಿ ಮಗುವಿನ ಹೆಸರು ಬೇಡ. ಯೂಟ್ಯೂಬಿಗೆ ಹಾಕುವಾಗ ಕಾಮೆಂಟ್ ಬಂದ್ ಮಾಡಿ. ಇಷ್ಟು ದಿನ ಮುಚ್ಚಿಟ್ಟ ಹೆಸರನ್ನು ಊರಿನವನೊಬ್ಬ ಮೊದಲ ಹತ್ತು ನಿಮಿಷದಲ್ಲೇ ಅಲ್ಲಿ ಬರೆದುಬಿಡುತ್ತಾನೆ.